ಅಂಗಳದ ಮೇಲೊಂದು ಅಂಗಳ

ಮೂವತ್ತಕ್ಕೂ ಹೆಚ್ಚು ವರ್ಷ ಮಂದಿಯ ಹೊಲ ಅಳೆದು ನಿವೃತ್ತನಾದ ನನಗೆ ನಮ್ಮ ಮನೆಯ ಅಂಗಳ ಅಳೆಯಲು ಬರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು. ಬೇರೆಯವರು ಅಂದರೆ ಮುಖ್ಯವಾಗಿ ನನ್ನ ಹೆಂಡತಿ ಕಸ್ತೂರಿ. ಅವಳು ಸುದ್ದಿಯನ್ನು ಆಗಲೇ ಹುಕ್ಕೇರಿ ತಾಲ್ಲೂಕಿನ ತನ್ನ ತವರೂರು ಹತ್ತರಗಿಗೆ ಮುಟ್ಟಿಸಿಯಾಗಿದೆ. ಅವಳ ತಮ್ಮ ಫೋನು ಮಾಡಿ, "ಏನ್ರಿ ಮಾವಾರ, ಅಂಗಳದಾಗ ಕೆರಿ ತಗಿಸೀರಂತಲ್ಲ, ಮೀನ ಬಿಡೂದ ಯಾವಾಗ್ರಿ?" ಎಂದು ಕೇಳಿದ. ನಾನು ನೌಕರಿಯಲ್ಲಿದ್ದಾಗ ನನ್ನೆದುರು ಕುರ್ಚಿಯ ಮೇಲೆ ಕೂಡ್ರಲೂ ಹಿಂಜರಿಯುತ್ತಿದ್ದ ಮನುಷ್ಯ ಅವನು.

ನಾನು ಮೋಜಣಿ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದೆ. ಮೂಡಲಗಿ ಇನ್ನೂ ಗೋಕಾಕ ತಾಲ್ಲೂಕಿನ ಹೊಟ್ಟೆಯೊಳಗೇ ಇದ್ದ ಕಾಲದಿಂದ ಅದು ತಾನೇ ಒಂದು ತಾಲ್ಲೂಕಾಗುವವರೆಗೆ, ಗೋಕಾಕ, ಹುಕ್ಕೇರಿ ಎಂದು ತಿರುಗಿ ತಿರುಗಿ ಅಳೆದೆ. ಕಣಗಲಾದ ಕಡೆ ಒಂದು ಗೇಣು ಬದುವಿಗಾಗಿ ಎರಡು ತಲೆಮಾರು ಮಾತು ಬಿಟ್ಟಿದ್ದ ದಾಯಾದಿಗಳು ನನ್ನ ಚೈನಿನ ಎರಡು ತುದಿ ಹಿಡಿದು ನಿಂತಿದ್ದಾರೆ. ನಾನು "ಇಲ್ಲಿಗೆ ಗಡಿ" ಎಂದು ಗೂಟ ತೋರಿಸಿದರೆ ಅಲ್ಲಿಗೆ ಗಡಿ. ಬೈಯುತ್ತಿದ್ದರು, ಆದರೆ ನಾನು ಬೈಕು ಹತ್ತಿ ಹೋದ ಮೇಲೆ ಬೈಯುತ್ತಿದ್ದರು. ಇಂಥವನಿಗೆ ಅಳತೆಯ ವಿಷಯದಲ್ಲಿ ಒಂದಿಷ್ಟು ಸೊಕ್ಕು ಇದ್ದರೆ ನೀವು ಬೇಜಾರು ಮಾಡಿಕೊಳ್ಳಬಾರದು.

ಇನ್ನು ಅಂಗಳದ ಮಾತು. ಮೂಡಲಗಿಯ ನಮ್ಮ ಮನೆಯ ಮುಂದೆ ಬಾಗಿಲಿನಿಂದ ಗೇಟಿನವರೆಗೆ ಕಾಂಕ್ರೀಟು ಹಾಸಿದ ಒಂದು ಅಂಗಳವಿದೆ. ನಮ್ಮ ಕಡೆ ಇಂಥ ಕಾಂಕ್ರೀಟಿನ ನೆಲಕ್ಕೆ ಕೋಬಾ ಅನ್ನುತ್ತಾರೆ. ನಾನು ಕಾಲೇಜಿನಲ್ಲಿದ್ದಾಗ ಅದನ್ನು ಹಾಕಿಸಿದವನು, ಹಾಕಿಸಿದವನೇನು ಬಂತು, ತನ್ನ ಕೈಯಾರೆ ಹಾಕಿದವನು ನಮ್ಮ ಲಗಮಪ್ಪ ಕಾಕಾ. ಅಪ್ಪನ ತಮ್ಮ. ಅದಕ್ಕೂ ಮೊದಲು ಅಲ್ಲಿ ಮಣ್ಣಿನ ಅಂಗಳವಿತ್ತು. ದಿನಾ ಬೆಳಿಗ್ಗೆ ಅವ್ವ ಸೆಗಣಿ ಹಾಕಿ ಸಾರಿಸುತ್ತಿದ್ದಳು. ಅವಳ ಬೆನ್ನು ನೋವು ಜೋರಾದ ವರ್ಷ ಕಾಕಾ, "ಇನ್ನ ಸಾಕು ವೈನಿ, ನಿನ್ನ ಬೆನ್ನಿಗಿ ನಾ ಕೋಬಾ ಹಾಕ್ತೀನಿ" ಎಂದು ಸಿಮೆಂಟು ತಂದು ಇಳಿಸಿದ. ಅವ್ವ ಆ ಮಾತಿಗೆ ನಕ್ಕು ನಕ್ಕು ಮತ್ತಷ್ಟು ಬೆನ್ನು ನೋಯಿಸಿಕೊಂಡಳು.

ಕಾಕಾನಿಗೆ ಗೌಂಡಿ ಕೆಲಸ ಬರುತ್ತಿರಲಿಲ್ಲ. ಅವನಿಗೆ ಬರುತ್ತಿದ್ದುದು ಒಂದೇ ಕೆಲಸ, ಹೊಲಕ್ಕೆ ನೀರು ಹಾಯಿಸುವುದು. ಅದರಲ್ಲಿ ಮಾತ್ರ ಅವನನ್ನು ಮೀರಿಸುವವರು ಸುತ್ತಲಿನ ಹತ್ತು ಊರಲ್ಲಿ ಇರಲಿಲ್ಲ. ಕಾಲುವೆಗೆ ನೀರು ಬಿಟ್ಟರೆ ಮಂದಿ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಕಬ್ಬು ಎದೆಯೆತ್ತರ ಬೆಳೆದ ಮೇಲೆ ಒಳಗೆ ನೀರು ಎಲ್ಲಿಯವರೆಗೆ ಹೋಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕಾಕಾ ಬರಿಗಾಲಲ್ಲಿ ಒಳಗೆ ಹೊಕ್ಕು, ಎಲ್ಲಿ ನಿಂತಿದೆ, ಎಲ್ಲಿ ಓಡುತ್ತಿದೆ, ಯಾವ ಬದು ಒಡೆಯಬೇಕು, ಯಾವುದು ಕಟ್ಟಬೇಕು ಎಂದು ಅಂಗಾಲಿನಿಂದಲೇ ತಿಳಿದು ಬರುತ್ತಿದ್ದ. ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಹೆಣ್ಣ ನೋಡಾಕ ಹೋಗೂ ದಿನಾ ಬರೋಬ್ಬರಿ ನಮ್ಮ ನೀರಿನ ಪಾಳಿ ಬರತಿತ್ತು" ಎನ್ನುತ್ತಿದ್ದ. ನೀರಿನ ಪಾಳಿ ತಪ್ಪಿಸಿಕೊಂಡವನನ್ನು ನಮ್ಮ ಕಡೆ ಯಾರೂ ಕ್ಷಮಿಸುವುದಿಲ್ಲವಾದ್ದರಿಂದ ಆ ಉತ್ತರವನ್ನು ಎಲ್ಲರೂ ಒಪ್ಪಿಕೊಳ್ಳುತ್ತಿದ್ದರು.

ಹೀಗಾಗಿ ಅವನು ಕೋಬಾ ಹಾಕಿದ್ದೂ ಹೊಲದ ಮಡಿ ಕಟ್ಟಿದ ಹಾಗೆಯೇ. ಅಂಗಳವನ್ನು ನಾಲ್ಕು ಪಾಲು ಮಾಡಿ, ಗೆಳೆಯರನ್ನು ಕರೆದು, ತಗಡಿನ ಮೇಲೆ ಉಸುಕು, ಜಲ್ಲಿಕಲ್ಲಿನ ಖಡಿ, ಸಿಮೆಂಟು ಕಲಸಿ, ಕಣ್ಣಳತೆಯಲ್ಲಿ ಸುರಿದುಬಿಟ್ಟ. ಆ ವರ್ಷದ ಮಳೆಗಾಲದಲ್ಲೇ ನಡುವೆ ಒಂದು ಬಿರುಕು ಬಿಟ್ಟಿತು. ಹೊಸ್ತಿಲ ಹತ್ತಿರ ಹುಟ್ಟಿ, ಡೊಂಕು ಡೊಂಕಾಗಿ ಹರಿದು, ಗೇಟಿನ ಹತ್ತಿರ ಮಾಯವಾಗುತ್ತಿತ್ತು. ನಾವು ಅದಕ್ಕೆ ಘಟಪ್ರಭಾ ಎಂದು ಹೆಸರಿಟ್ಟೆವು. ಅದರಿಂದ ನಲ್ಲಿಯ ಕಡೆ ಒಂದು ಕವಲು ಹೋಗಿತ್ತು, ಅದು ಎಡದಂಡೆ ಕಾಲುವೆ. ಗೇಟಿನ ಬಲಕ್ಕೆ ಖಡಿ ಮೇಲೆದ್ದು ಬಂದ ಜಾಗಕ್ಕೆ ಗೋಕಾಕದ ಗುಡ್ಡ ಎನ್ನುತ್ತಿದ್ದೆವು. ಅಂಗಳದ ನಕಾಶೆಯನ್ನು ನಾನು ನೋಟುಬುಕ್ಕಿನ ಹಾಳೆಯ ಮೇಲೆ ಬರೆದದ್ದೂ ಉಂಟು. ನನಗೆ ಸರ್ವೇಯರ್ ನೌಕರಿ ಸಿಕ್ಕಾಗ ಕಾಕಾ ಊರೆಲ್ಲ ಪೇಢೆ ಹಂಚಿ, "ನಮ್ಮ ಕೋಬಾದ ಮ್ಯಾಲ ಕಲ್ತಾಂವ" ಎಂದು ಹೇಳಿಕೊಂಡು ಬಂದ.

ಆ ಕೋಬಾದ ಮೇಲೆ ಏನೇನು ನಡೆಯಲಿಲ್ಲ! ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಮಣೆ, ಲಟ್ಟಣಿಗೆ ಹಿಡಿದು ಬಂದು ಹಪ್ಪಳ ಲಟ್ಟಿಸುತ್ತಿದ್ದರು. ಹಗ್ಗ ಕಟ್ಟಿ ಶ್ಯಾವಿಗೆ ಒಣಹಾಕುತ್ತಿದ್ದರು. ಯಾರ ಮನೆಯ ಸೊಸೆ ಯಾರ ಜೊತೆ ಮಾತು ಬಿಟ್ಟಿದ್ದಾಳೆ ಎಂಬುದು ಹಪ್ಪಳದ ಸಾಲು ನೋಡಿದರೇ ಗೊತ್ತಾಗುತ್ತಿತ್ತು. ಜಗಳವಾಡಿದವರ ಹಪ್ಪಳಗಳ ನಡುವೆ ಒಂದು ಮೊಳ ಜಾಗ ಖಾಲಿ ಇರುತ್ತಿತ್ತು. ನಾವು ಅರಿಶಿನ ಬೆಳೆದ ವರ್ಷಗಳಲ್ಲಿ ಕುದಿಸಿದ ಅರಿಶಿನವನ್ನು ಅಲ್ಲೇ ಹರವುತ್ತಿದ್ದೆವು. ಹರವಿ ಹರವಿ ನಲ್ಲಿಯ ಬಾಜೂಕಿನ ನೆಲ ಹಳದಿಯಾಗಿ, ಅರಿಶಿನ ಬೆಳೆಯುವುದು ಬಿಟ್ಟ ಮೇಲೂ ಬಹಳ ವರ್ಷ ಹಾಗೆಯೇ ಉಳಿದಿತ್ತು. ಕಸ್ತೂರಿ ಮದುವೆಯಾಗಿ ಬಂದ ದಿನ ಟೆಂಪೋದಿಂದ ಇಳಿದು ಆ ಹಳದಿಯ ಮೇಲೆ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳಿಗೆ ಅದು ನೆನಪಿಲ್ಲ. ಹೊಸ ಚಪ್ಪಲಿ ಕಚ್ಚುತ್ತಿದ್ದದ್ದು ಮಾತ್ರ ನೆನಪಿದೆಯಂತೆ.

ಈಗ ಹಪ್ಪಳ ಅಂಗಡಿಯಿಂದ ಬರುತ್ತದೆ. ಶ್ಯಾವಿಗೆಯೂ ಹಾಗೆಯೇ. ಅವ್ವ ಇಲ್ಲ, ಅಪ್ಪ ಇಲ್ಲ. ಕಾಕಾ ಇದ್ದ, ಅವನ ಕೋಬಾ ಇತ್ತು, ಅದೂ ವರ್ಷ ವರ್ಷಕ್ಕೆ ಪುಡಿ ಪುಡಿ ಉದುರುತ್ತ. ಕಸಬರಿಗೆ ಆಡಿಸಿದರೆ ಕಸಕ್ಕಿಂತ ಅಂಗಳವೇ ಹೆಚ್ಚು ಬರುತ್ತಿತ್ತು. ಹೋದ ಯುಗಾದಿ ಮುಗಿದ ಮೇಲೆ ಕಸ್ತೂರಿ, "ಒಂದ ಅಂಗಳರ ಇರಲಿ, ಇಲ್ಲಾ ನಾನರ ಇರ್ತೀನಿ" ಎಂದಳು. ನಾನು ಕಸ್ತೂರಿಯೇ ಇರಲಿ ಎಂದು ತೀರ್ಮಾನಿಸಿ ಗೌಂಡಿ ದುಂಡಪ್ಪನಿಗೆ ಫೋನು ಮಾಡಿದೆ.

ದುಂಡಪ್ಪ ಗೋಕಾಕ ಫಾಲ್ಸಿನವನು. ಧುಮ್ಮಿಕ್ಕುವ ನೀರಿನ ಸದ್ದು ಒಂದು ಕಡೆ, ಮಿಲ್ಲಿನ ಸದ್ದು ಒಂದು ಕಡೆ, ಇವೆರಡರ ನಡುವೆ ಬೆಳೆದದ್ದರಿಂದ ಅವನಿಗೆ ಮೆಲ್ಲಗೆ ಮಾತಾಡಿ ರೂಢಿಯಿಲ್ಲ. ಅಂಗಳವನ್ನು ಒಮ್ಮೆ ಸುತ್ತಿ ನೋಡಿ, ಓಣಿಗೆಲ್ಲ ಕೇಳುವಂತೆ, "ಸಾಹೇಬ್ರ, ಇದನ್ನ ಕಿತ್ತ ಒಗಿಯೂದ ಬ್ಯಾಡ್ರಿ. ತಳಾ ಗಟ್ಟಿ ಐತಿ. ಇದರ ಮ್ಯಾಲ ಎರಡೂವರಿ ಇಂಚ ಹೊಸಾದ ಹಾಕೂಣು" ಎಂದ. ಕಾಕಾ ಒಳಗಿನಿಂದಲೇ ಕೆಮ್ಮಿದ. ತಳ ಗಟ್ಟಿ ಎಂದದ್ದು ಅವನಿಗೆ ಕೇಳಿಸಿರಬೇಕು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು, ನನಗೂ ದುಂಡಪ್ಪನಿಂದಲೇ ಗೊತ್ತಾದದ್ದು. ಹಳೆಯ ಕಾಂಕ್ರೀಟಿನ ಮೇಲೆ ಹೊಸದನ್ನು ಸುಮ್ಮನೆ ಸುರಿದರೆ ಅದು ಹಿಡಿಯುವುದಿಲ್ಲ. ನಾಲ್ಕು ತಿಂಗಳಲ್ಲಿ ರೊಟ್ಟಿಯ ಪದರಿನ ಹಾಗೆ ಮೇಲಿನದು ಎದ್ದು ಬರುತ್ತದೆ. ಅದಕ್ಕೆ ಮೊದಲು ಹಳೆಯದರ ಮೈಮೇಲೆಲ್ಲ ಉಳಿಯಿಂದ ಕಚ್ಚು ಹೊಡೆಯಬೇಕು. ಧೂಳು ಗುಡಿಸಿ, ತೊಳೆದು, ಹಿಂದಿನ ದಿನವೇ ನೀರು ಕುಡಿಸಬೇಕು. ಇಲ್ಲದಿದ್ದರೆ ಹಳೆಯದು ಹೊಸದರ ನೀರನ್ನೆಲ್ಲ ಹೀರಿಬಿಡುತ್ತದೆ. ಆಮೇಲೆ ಸಿಮೆಂಟಿನ ತೆಳ್ಳನೆಯ ತಿಳಿ ಬಳಿದು, ಅದು ಹಸಿ ಇರುವಾಗಲೇ ಹೊಸ ಮಾಲು ಹಾಕಬೇಕು. ನಾವು ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂದುಕೊಂಡಿರುತ್ತೇವೆ. ಖರೆ ಅಂದರೆ ಅದು ಒಣಗಿದರೆ ಕೆಡುತ್ತದೆ. ನೀರು ಕುಡಿಯುತ್ತ ಕುಡಿಯುತ್ತ ಗಟ್ಟಿಯಾಗುತ್ತದೆ. ನಿವೃತ್ತಿಯಾದವರಿಗೆ ಇಂಥ ವಿಷಯ ಸಿಕ್ಕರೆ ಬಿಡುವುದಿಲ್ಲ. ನಾನು ಹದಿನೈದು ದಿನ ಚಹದಂಗಡಿಯಲ್ಲಿ ಇದನ್ನೇ ಹೇಳಿದೆ. ಕೊನೆಕೊನೆಗೆ ಮಂದಿ ನನ್ನನ್ನು ಕಂಡರೆ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಕಾಕಾನ ಮಾತು ಅರ್ಧಕ್ಕೆ ಬಿಟ್ಟೆ. ಕಾಕಾನಿಗೆ ಈಗ ಎಂಬತ್ತು ದಾಟಿದೆ. ಆರೇಳು ವರ್ಷದಿಂದ ಕಣ್ಣು ಕಾಣುವುದಿಲ್ಲ. ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತದೆ. ಆದರೆ ಇದನ್ನು ನಾವು ಮನೆಯವರೇ ಮರೆತಿದ್ದೆವು. ಯಾಕೆಂದರೆ ಅವನು ಬೆಳಿಗ್ಗೆ ಚಹಾ ಕುಡಿದವನೇ ಎದ್ದು, ಕೋಲು ಹಿಡಿಯದೆ, ಯಾರನ್ನೂ ಕರೆಯದೆ, ಹೊಸ್ತಿಲು ದಾಟಿ, ಅಂಗಳ ದಾಟಿ, ಗೇಟಿನ ಬಾಜೂಕಿನ ಬೇವಿನ ಗಿಡದ ಕೆಳಗಿರುವ ಕಲ್ಲಿನ ಮೇಲೆ ಹೋಗಿ ಕೂಡ್ರುತ್ತಿದ್ದ. ಹೊಲಕ್ಕೆ ಹೋಗುವವರು ಅಲ್ಲಿ ಬೈಕು ನಿಲ್ಲಿಸುತ್ತಿದ್ದರು. "ಲಗಮಪ್ಪಜ್ಜಾ, ಕಾಲುವಿಗಿ ನೀರ ಬಂದೈತಿ, ಮೇಲಿನ ಮಡಿ ಮೊದ್ಲ ಹಾಯ್ಸಲ್ಯೋ, ಕೆಳಗಿಂದೋ?" ಕಾಕಾ ಅವರ ಹೊಲದ ಹೆಸರು ಕೇಳಿ, ಅಲ್ಲಿನ ಏರು ತಗ್ಗು ನೆನಪಿಸಿಕೊಂಡು ಹೇಳುತ್ತಿದ್ದ. ಊಟದ ಹೊತ್ತಿಗೆ ತಾನೇ ಎದ್ದು ಒಳಗೆ ಬರುತ್ತಿದ್ದ. ಅವನ ದಿನ ಅಂದರೆ ಅದೇ. ಕೋಬಾ ಮಾಡಿಸುವ ವಿಷಯದಲ್ಲಿ ನಾನು ಕಸ್ತೂರಿಯನ್ನು ಕೇಳಿದೆ, ದುಂಡಪ್ಪನನ್ನು ಕೇಳಿದೆ, ಯೂಟ್ಯೂಬನ್ನೂ ಕೇಳಿದೆ. ಕಾಕಾನನ್ನು ಕೇಳಲಿಲ್ಲ.

ಕಚ್ಚು ಹೊಡೆಯುವ ದಿನ ಕಾಕಾ ಒಳಗೆ ಬಾಗಿಲ ಹತ್ತಿರ ಕೂತಿದ್ದ. ಟಕ್ ಟಕ್ ಎಂದು ಉಳಿಯ ಸದ್ದು ಬರುತ್ತಿದ್ದಂತೆ ನನ್ನನ್ನು ಕೇಳಿದ.

"ಈಗ ಎಲ್ಲಿ ಹೊಡ್ಯಾಕತ್ತಾನ ಬಾಳಪ್ಪಾ?"

"ನಲ್ಲಿ ಕಡೆ ಕಾಕಾ."

"ಮ್ಯಾಲ ಹಳದಿ ಇತ್ತು, ಅಲ್ಲೇನು?"

"ಹೂಂ."

"ಅದ ನುಣಪ ಇತ್ತು" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಈಗ ಸೀಳಿನ ಮ್ಯಾಲ ಬಂದ" ಎಂದು ತಾನೇ ಹೇಳಿದ. ಹೌದು, ದುಂಡಪ್ಪ ಆಗ ನಮ್ಮ ಘಟಪ್ರಭೆಯ ಮೇಲೆ ಬಂದಿದ್ದ. ಅರವತ್ತು ದಾಟಿದ ನನಗೂ ಆ ಬಿರುಕಿನ ಎರಡು ದಂಡೆ ಒಡೆಯುವಾಗ ಬೇಜಾರಾಯಿತು. ಕಾಕಾನಿಗೂ ಹಾಗೇ ಆಗಿರಬೇಕು, ತಾನು ಹಾಕಿದ ಕೋಬಾ ಅಲ್ಲವೇ ಎಂದುಕೊಂಡೆ. ನನ್ನ ತಲೆ ಅಷ್ಟಕ್ಕೇ ನಿಂತಿತು.

ಮರುದಿನ ಹೊಸ ಮಾಲು ಬಿತ್ತು. ಇಲ್ಲಿಂದ ನನ್ನ ಪರಾಕ್ರಮ ಶುರು. ದುಂಡಪ್ಪ ನೀರು ತುಂಬಿದ ಲೇವಲ್ ಪೈಪು ಹಿಡಿದು, ಬಾಗಿಲ ಕಡೆ ಎತ್ತರ, ಗೇಟಿನ ಕಡೆ ಇಳಿಜಾರು ಎಂದು ಗುರುತು ಮಾಡಿಕೊಂಡಿದ್ದ. ಮಾಲು ಎಳೆದು ಪಟ್ಟಿ ಆಡಿಸುತ್ತ ನಡುವಿನವರೆಗೆ ಬಂದ. ನಾನು ನನ್ನ ಹೊಸ ಮೊಬೈಲಿನಲ್ಲಿದ್ದ ಲೇವಲ್ ನೋಡುವ ಆ್ಯಪ್ ತೆಗೆದು ಅವನ ಪಟ್ಟಿಯ ಮೇಲೆ ಇಟ್ಟು, ಪರದೆಯ ಮೇಲಿನ ಗಾಳಿಗುಳ್ಳೆ ನೋಡಿದೆ. ಗುಳ್ಳೆ ಒಂದು ಕಡೆ ಸರಿಯಿತು.

"ದುಂಡಪ್ಪಾ, ಇಲ್ಲಿ ಉಬ್ಬೈತಿ. ಇನ್ನೊಂದೀಟ ಕೆರಿ."

"ಸಾಹೇಬ್ರ, ಪೈಪ್ ನೋಡೇನ್ರಿ. ಬರೋಬ್ಬರಿ ಐತಿ."

"ಪೈಪ ನಿಮ್ಮಜ್ಜನ ಕಾಲದ್ದು. ಇದು ಸ್ಯಾಟಲೈಟ್ ಕಾಲ" ಎಂದೆ. ಗುಳ್ಳೆ ತೋರಿಸುವುದಕ್ಕೂ ಸ್ಯಾಟಲೈಟಿಗೂ ಯಾವ ಸಂಬಂಧವೂ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅಂದೆ. ದುಂಡಪ್ಪ ಒಂದು ಸಲ ನನ್ನ ಮುಖ ನೋಡಿ, ಒಂದು ಸಲ ಮೊಬೈಲಿನ ಮುಖ ನೋಡಿ, ಕೆರೆದ. ಹಾಗೆಯೇ ಕೊನೆಗೆ, "ಅಂಗಳಕ್ಕ ಭಾಳ ನುಣಪ ಬ್ಯಾಡ್ರಿ, ಕಸಬರಿಗಿ ಎಳದ ಬಿಡ್ತೀನಿ, ಕಾಲಿಗಿ ಹಿಡಿತ ಇರತೈತಿ" ಎಂದ. ನಾನು ಅದಕ್ಕೂ ಒಪ್ಪಲಿಲ್ಲ. ಇಷ್ಟು ವರ್ಷ ಖಡಿ ಎದ್ದ ಅಂಗಳ ತುಳಿದಿದ್ದೇವೆ, ಇನ್ನಾದರೂ ಊಟದ ತಾಟಿನಂತೆ ಇರಲಿ ಎಂದು ಹಟ ಹಿಡಿದೆ. ಅವನು ಥಾಪಿ ಆಡಿಸಿ ಆಡಿಸಿ ನುಣುಪು ಮಾಡಿಕೊಟ್ಟ. ಸಂಜೆ ಹೊತ್ತಿಗೆ ಅಂಗಳದಲ್ಲಿ ಬೇವಿನ ಗಿಡದ ನೆರಳು ಎಷ್ಟು ಚಂದ ಬಿದ್ದಿತ್ತೆಂದರೆ ನಾನು ಫೋಟೋ ತೆಗೆದು ಹತ್ತರಗಿಗೂ ಕಳಿಸಿದೆ. ಆ ಫೋಟೋ ಕಳಿಸಬಾರದಿತ್ತು.

ಒಂದು ಹಗಲು, ಒಂದು ರಾತ್ರಿ ಕಳೆದು, ಕಾಲಿಡಬಹುದು ಎಂದಾದ ಬೆಳಿಗ್ಗೆ. ಕಾಕಾ ಚಹಾ ಕುಡಿದು ಎದ್ದ. ನಾನು ಹೊರಗೆ ನಿಂತು ನನ್ನ ಅಂಗಳವನ್ನು ಮೆಚ್ಚಿಕೊಳ್ಳುತ್ತಿದ್ದೆ. ಕಾಕಾ ಹೊಸ್ತಿಲ ಮೇಲೆ ಬಂದು ನಿಂತು ಬಲಗಾಲು ಮುಂದಿಟ್ಟ. ಅವನು ಎಣಿಸಿದ್ದಕ್ಕಿಂತ ಮೊದಲೇ ಕಾಲಿಗೆ ನೆಲ ಸಿಕ್ಕಿತು. ಎರಡೂವರೆ ಇಂಚು ಮೇಲೆ ಬಂದಿತ್ತಲ್ಲ. ಮೈ ಸ್ವಲ್ಪ ಜೋಲಿ ಹೊಡೆಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡ. ಆಮೇಲೆ ಅಂಗಾಲಿನಿಂದ ನೆಲವನ್ನು ಈ ಕಡೆ, ಆ ಕಡೆ ಸವರಿದ. ಎಡಕ್ಕೆ ಸವರಿದ, ಮುಂದಕ್ಕೆ ಸವರಿದ. ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋಗಿ ಕೂತ.

"ಯಾಕ ಕಾಕಾ, ಹೋಗಲಿಲ್ಲ?"

"ಇನ್ನೂ ಹಸಿ ಐತಿ. ಹೊಸಾದು. ಯಾಕ ತುಳೀಬೇಕು?"

ನಾನು ಅದನ್ನೇ ನಂಬಿದ್ದೆ. ಹೊಲಕ್ಕೆ ಹೋಗುವವರ ಬೈಕುಗಳು ಗೇಟಿನ ಹತ್ತಿರ ನಿಂತು, ಹಾರ್ನ್ ಹೊಡೆದು, ಕಲ್ಲು ಖಾಲಿ ಇದ್ದದ್ದು ನೋಡಿ ಹೋದವು. ಕಾಕಾ ಒಳಗೆ ಕೂತು ಪ್ರತಿ ಹಾರ್ನಿಗೂ ತಲೆ ಎತ್ತುತ್ತಿದ್ದ. ಕಸ್ತೂರಿ ಅಡುಗೆಮನೆಯಿಂದ ಬಂದು ನನ್ನನ್ನು ಪಕ್ಕಕ್ಕೆ ಕರೆದಳು.

"ಅದ ಹಸಿ ಇದ್ದದ್ದಕ್ಕಲ್ರಿ. ಮಾವಾರ ಕಾಲಿಗಿ ಗುರ್ತ ಸಿಗವಲ್ದು."

"ಏನ ಗುರ್ತ?"

"ನಿಮಗ ಕಣ್ಣ ಅದಾವಲ್ಲ, ತಿಳೀಲಿಲ್ಲ. ಅವರು ಸೀಳ ಹಿಡಕೊಂಡ ಹೋಕ್ಕಿದ್ರು. ಸೀಳ ಎಲ್ಲಿ ಮುಗೀತೈತ್ಯೋ ಅಲ್ಲಿ ಖಡಿ ಹತ್ತತಿದ್ದು. ಖಡಿ ದಾಟಿದ್ರ ಬೇವಿನ ಕಲ್ಲು. ನಾ ದಿನಾ ನೋಡೇನ್ರಿ, ಎಡಗಾಲ ಸೀಳಿನ ಮ್ಯಾಲಿಂದ ಸರೀತಿರಲಿಲ್ಲ."

ಎಷ್ಟೋ ಮಂದಿಗೆ ಗಡಿ ತೋರಿಸಿ ಸಂಬಳ ತಿಂದವನು ನಾನು. ನಮ್ಮ ಮನೆಯಲ್ಲೇ ಒಬ್ಬ ಮನುಷ್ಯ ಬಿರುಕು ಹಿಡಿದು ಬದುಕುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಬಿರುಕು ಮುಚ್ಚಿಸಿದೆ, ಖಡಿ ಮುಚ್ಚಿಸಿದೆ, ಅದರ ಮೇಲೆ ತಾಟಿನ ಹಾಗೆ ನುಣುಪು ಮಾಡಿಸಿದೆ. ಬಹಳ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಕಾಕಾ ಆ ಕಲ್ಲಿನವರೆಗೆ ಹೋಗುವುದು ಬಿಟ್ಟರೆ ಒಂದು ಮೂಲೆಯಲ್ಲಿ ಕೂಡ್ರುತ್ತಾನೆ. ಹಾಗೆ ಕೂತವರು ಬಹಳ ದಿನ ಕೂಡ್ರುವುದಿಲ್ಲ ಎಂದು ನಾನು ಕಂಡಿದ್ದೇನೆ.

ತಪ್ಪು ಮಾಡಿದವನಿಗೆ ಉಪಾಯಗಳು ಬೇಗ ಬೇಗ ಹೊಳೆಯುತ್ತವೆ. ಮೊದಲು, "ದಿನಾ ನಾನೇ ಕೈ ಹಿಡಕೊಂಡ ಬಿಡ್ತೀನಿ ಕಾಕಾ" ಎಂದೆ. "ನೀ ಏಳೂದ ಎಂಟಕ್ಕ" ಎಂದ. ಬಾಗಿಲಿನಿಂದ ಗೇಟಿನವರೆಗೆ ಸೊಂಟದೆತ್ತರಕ್ಕೆ ಒಂದು ಹಗ್ಗ ಕಟ್ಟಿಸುತ್ತೇನೆ ಎಂದೆ. ಅದಕ್ಕೆ ಅವನಿಗೆ ಸಿಟ್ಟೇ ಬಂತು. "ನನ್ನೇನ ಎಮ್ಮಿ ಮಾಡ್ತಿಯೇನಲೇ? ಹಗ್ಗಕ್ಕ ಕಟ್ಟಿ ಮೇಸಾಕ?" ಆಮೇಲೆ ದನಿ ಇಳಿಸಿ ಕೇಳಿದ.

"ಕೋಬಾಕ್ಕ ನೀರ ಯಾರ ಉಣಸ್ತಾರ?"

ಹೊಸ ಕಾಂಕ್ರೀಟಿಗೆ ಹದಿನೈದು ದಿನ ನೀರು ಉಣಿಸಬೇಕಲ್ಲ, ದುಂಡಪ್ಪ ಪೈಪಿನಿಂದ ದಿನಕ್ಕೆ ಮೂರು ಸಲ ಹೊಡೆಯಿರಿ ಎಂದು ಹೇಳಿ ಹೋಗಿದ್ದ. "ನಾ ಹೊಡೀತೀನಿ" ಎಂದೆ.

"ಹೊಡಿಯೂದ ಬ್ಯಾಡ. ಈ ಬಿಸಲಿಗಿ ಅದ ನಿಲ್ಲೂದಿಲ್ಲ. ಮಡಿ ಕಟ್ಟಿ ನೀರ ನಿಲ್ಲಸಬೇಕು. ನಾಕ ಬುಟ್ಟಿ ಎರಿಮಣ್ಣ ತರಸು. ನಾ ಕಟ್ತೀನಿ."

ಎರೆಮಣ್ಣು ಬಂತು. ಕಾಕಾ ಧೋತರದ ಕಚ್ಚೆ ಬಿಗಿದು ಹೊಸ್ತಿಲಿನಿಂದ ಕೆಳಗೆ ಕೂತ. ನಾನು ಹಸಿ ಮಣ್ಣಿನ ಮುದ್ದೆ ಕೈಗೆ ಕೊಡುತ್ತ ಹೋದೆ. ಅವನು ಕೂತಲ್ಲಿಂದ ಮುಂದಕ್ಕೆ ಸರಿಯುತ್ತ, ನೆಲವನ್ನು ಅಂಗೈಯಿಂದ ಸವರುತ್ತ, ನಾಲ್ಕು ಬೆರಳು ಎತ್ತರದ ಬದು ಹಾಕುತ್ತ ಹೋದ. ಹೊಸ್ತಿಲಿನಿಂದ ಗೇಟಿನವರೆಗೆ ಉದ್ದಕ್ಕೊಂದು. ಅದಕ್ಕೆ ಅಡ್ಡಡ್ಡ ಚಿಕ್ಕವು. ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳ ಉಳ್ಳಾಗಡ್ಡಿಯ ಹೊಲದಂತೆ ಮಡಿ ಮಡಿಯಾಗಿತ್ತು. ಎಂಬತ್ತು ದಾಟಿದವನು ಮೈತುಂಬ ಮಣ್ಣು ಮೆತ್ತಿಕೊಂಡು, "ಇನ್ನ ನೀರ ಬಿಡು" ಎಂದಾಗ ಅವನ ದನಿಯಲ್ಲಿ ನನಗೆ ಬಹಳ ವರ್ಷಗಳ ಹಿಂದಿನ ಕಾಕಾ ಕೇಳಿಸಿದ. ನಾನು ಹುಡುಗನಾಗಿದ್ದಾಗ ಹೊಲದ ಬದುವಿನ ಮೇಲೆ ನಿಂತು ಮೋಟಾರು ಚಾಲೂ ಮಾಡಲು ಕೂಗುತ್ತಿದ್ದ ದನಿ ಅದು.

ನೀರು ಬಿಟ್ಟೆ. ಅವನು ಎದ್ದು ನಿಂತು ಮೊದಲನೆಯ ಮಡಿಯೊಳಗೆ ಕಾಲಿಟ್ಟ. ನೀರಿನಲ್ಲಿ ಅವನ ಕಾಲಿಗೆ ಎಲ್ಲಿಲ್ಲದ ಧೈರ್ಯ ಬಂದಿತ್ತು. ಬದುವಿಗೆ ಎಡಗಾಲು ತಗುಲಿಸಿಕೊಂಡು ಒಂದೊಂದೇ ಮಡಿ ದಾಟಿದ. ಅಂದು ಗೇಟಿನವರೆಗೆ ಹೋಗಿ ಬರಲು ಅರ್ಧ ಗಂಟೆ ಹಿಡಿಯಿತು. ಮರುದಿನ ಅಷ್ಟು ಹಿಡಿಯಲಿಲ್ಲ. ದಿನಕ್ಕೆ ನಾಲ್ಕು ಸಲ, ನೀರು ಕಡಿಮೆಯಾಗಿದೆಯೇ ನೋಡುವ ನೆಪದಲ್ಲಿ ಅಂಗಳವೆಲ್ಲ ತಿರುಗುತ್ತಿದ್ದ. ಕಲ್ಲಿನ ಮೇಲೆ ಕೂಡ್ರುತ್ತಿದ್ದ, ಬೈಕುಗಳು ನಿಲ್ಲುತ್ತಿದ್ದವು. ಒಬ್ಬ ರೈತನಂತೂ, "ಯಜ್ಜಾ, ಏನ ಹಾಕೀ?" ಎಂದು ಕೇಳಿದ. "ಸಿಮೆಂಟ ಹಾಕೇನಿ, ಇನ್ನೂ ಮೊಳಕಿ ಒಡದಿಲ್ಲ" ಎಂದ ಕಾಕಾ.

ಐದನೆಯ ದಿನವೋ ಆರನೆಯ ದಿನವೋ ಅವನು ಅಂಗಳದ ನಡುವೆ ನಿಂತು ನನ್ನನ್ನು ಕೂಗಿದ.

"ಬಾಳಪ್ಪಾ, ಮ್ಯಾಲ ಹೊಸ್ತಲಕಡೆ ನೀರ ಕಾಲಬಟ್ಟ ಮುಳಗಿಸೂದಿಲ್ಲ. ಕೆ‍ಳಗ ಗೇಟಿನಕಡೆ ಹಿಮ್ಮಡಿ ಮುಳಗತೈತಿ. ಇಳಿಜಾರ ಚಲೋ ಐತಿ. ಇಲ್ಲಿ ನಡಬರಕ ಬಂದ್ರ ಒಂದ ಬುಟ್ಟಿ ಅಗಲ ತಗ್ಗ ಬಿದ್ದೈತಿ ನೋಡು. ಯಾರ ಕೆರದ್ರು ಇಲ್ಲಿ?"

ಯಾರು ಕೆರೆಸಿದರು ಎಂಬುದು ನಿಮಗೆ ಗೊತ್ತೇ ಇದೆ. ಒಳಗೆ ಹೋಗಿ ಮೊಬೈಲನ್ನು ಊಟದ ಮೇಜಿನ ಮೇಲೆ ಇಟ್ಟು ಆ್ಯಪ್ ತೆಗೆದೆ. ಗುಳ್ಳೆ ಒಂದು ಕಡೆ ಸರಿಯಿತು. ತಿರುಗಿಸಿ ಇಟ್ಟೆ, ಅದು ಇನ್ನೊಂದು ಕಡೆ ಸರಿಯಿತು. ಮೇಜಿನದೇನೂ ತಪ್ಪಿಲ್ಲ. ಮೊಬೈಲಿನ ಹಿಂದೆ ಕ್ಯಾಮೆರಾದ ಮೂರು ಗಾಜು ಬಟಾಣಿಯಂತೆ ಉಬ್ಬಿಕೊಂಡಿದ್ದವು. ಅದನ್ನು ಎಲ್ಲಿ ಇಟ್ಟರೂ ಅದು ವಾರೆಯಾಗಿಯೇ ಕೂಡ್ರುತ್ತಿತ್ತು. ಗುರುತಿನ ಕಲ್ಲು ಅಲುಗಾಡದೆ ಗಟ್ಟಿ ಇದೆಯೋ ಇಲ್ಲವೋ ಮೊದಲು ನೋಡಬೇಕು ಎಂಬುದು ಸರ್ವೇಯಲ್ಲಿ ಕಲಿಸುವ ಮೊದಲನೆಯ ಪಾಠ. ಕೈಕೆಳಗಿನವರಿಗೆ ಅದನ್ನು ನೂರು ಸಲ ಹೇಳಿ ಬೈದವನು ನಾನು.

ದುಂಡಪ್ಪನನ್ನು ಕರೆಸಿದೆ. ಅವನು ಪೈಪು ಹಿಡಿದು ನೋಡಿ, ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚಲೋ ಇತ್ತು. "ಇಷ್ಟ ಜಾಗಾ ಕಚ್ಚ ಹೊಡದ ತುಂಬಿ ಕೊಡ್ತೇನ್ರಿ ಸಾಹೇಬ್ರ, ಗೊತ್ತ ಸಹಿತ ಆಗೂದಿಲ್ಲ" ಎಂದ, ಓಣಿಗೆಲ್ಲ ಗೊತ್ತಾಗುವ ದನಿಯಲ್ಲಿ. ಉಳಿ ತೆಗೆದ. ಆಗ ಕಾಕಾ ಕಲ್ಲಿನ ಮೇಲಿಂದ ಎದ್ದ.

"ಏ ಗೌಂಡಿ, ಅದನ್ನ ಮುಟ್ಟಬ್ಯಾಡ."

"ಯಾಕ್ರಿ ಯಜ್ಜಾ? ಮಳಿ ಬಂದ್ರ ನೀರ ನಿಲ್ತೈತ್ರಿ."

"ನಿಂದರಲಿ. ಹೊಸ್ತಲದಿಂದ ಹನ್ನೊಂದ ಹೆಜ್ಜಿಗಿ ಅದ ಸಿಗತೈತಿ. ಅಲ್ಲಿಂದ ಸ್ವಲ್ಪ ಬಲಕ್ಕ ಹೊಳ್ಳಿದ್ರ ಈ ಕಲ್ಲ. ಉಳಿದದ್ದೆಲ್ಲಾ ತಾಟ ಮಾಡಿ ಇಟ್ಟೀರಿ, ನನಗಂತ ಇರೂದ ಅದೊಂದ. ಅದನ್ನೂ ತುಂಬಿದ್ರ ನಾ ಎಲ್ಲಿ ಹೋಗ್ಲಿ?"

ದುಂಡಪ್ಪ ಉಳಿಯನ್ನು ಚೀಲಕ್ಕೆ ಹಾಕಿಕೊಂಡ. ನನ್ನ ನೌಕರಿಯುದ್ದಕ್ಕೂ ತಪ್ಪು ಅಳತೆಯಿಂದ ಯಾರಿಗೂ ಉಪಕಾರವಾದದ್ದು ನಾನು ಕಂಡಿಲ್ಲ. ನನ್ನ ಒಂದೇ ಒಂದು ತಪ್ಪನ್ನು ಕಾಕಾ ಹೀಗೆ ಎತ್ತಿ ಇಟ್ಟುಕೊಂಡದ್ದು ನೋಡಿ ಕಣ್ಣಲ್ಲಿ ನೀರು ಬಂತು. ಕಸ್ತೂರಿ ನೋಡಿದಳು. ನೋಡದವಳಂತೆ ದುಂಡಪ್ಪನಿಗೆ ಚಹಾ ತರಲು ಹೋದಳು.

ಹದಿನೈದು ದಿನ ಮುಗಿದು ಬದು ಒಡೆದೆವು. ಮಣ್ಣು ಗುಡಿಸಿ ತೊಳೆದ ಮೇಲೆ ಅಂಗಳ ಮತ್ತೆ ಬೋಳಾಯಿತು. ಈಗ ಬದುವೂ ಇಲ್ಲ, ನೀರೂ ಇಲ್ಲ. ಮರುದಿನ ಬೆಳಿಗ್ಗೆ ಕಾಕಾ ಚಹಾ ಕುಡಿದು ಎದ್ದಾಗ ನಾನೂ ಕಸ್ತೂರಿಯೂ ಬೇರೆ ಬೇರೆ ಕೆಲಸದ ನೆಪ ಮಾಡಿಕೊಂಡು ಬಾಗಿಲಲ್ಲೇ ಇದ್ದೆವು. ಕಾಕಾ ಹೊಸ್ತಿಲು ದಾಟಿದ. ಹೊಸ ಎತ್ತರಕ್ಕೆ ಅವನ ಕಾಲು ಆಗಲೇ ಒಗ್ಗಿತ್ತು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದ. ಏಳು, ಎಂಟು, ಒಂಬತ್ತು ಎಂದು ನಾನೂ ಒಳಗೊಳಗೇ ಎಣಿಸಿದೆ. ಹನ್ನೊಂದಕ್ಕೆ ಅವನ ಪಾದ ಒಂದು ಕೂದಲೆಳೆಯಷ್ಟು ಕೆಳಗೆ ಇಳಿದದ್ದು ನನಗೆ ಕಾಣಲಿಲ್ಲ, ಅವನು ನಿಂತದ್ದು ಕಂಡಿತು. ಸ್ವಲ್ಪ ಬಲಕ್ಕೆ ಹೊರಳಿದ. ನಡೆದ. ಬಗ್ಗಿ ಕೈಯಿಂದ ಕಲ್ಲು ಮುಟ್ಟಿ ನೋಡಿ ಕೂತ. ಕೂತವನೇ ನಮ್ಮ ಕಡೆ ತಿರುಗಿ, "ಇಬ್ಬರೂ ಬಾಗಲದಾಗ ಏನ ನೋಡಾಕತ್ತೀರಿ? ಅಡಗಿ ಇಲ್ಲೇನ ಇವತ್ತ?" ಎಂದ. ನಾವು ಇದ್ದೇವೆಂದು ಅವನಿಗೆ ಹೇಗೆ ತಿಳಿಯಿತೋ ನನಗೆ ಇನ್ನೂ ಬಗೆಹರಿದಿಲ್ಲ.

ರೋಹಿಣಿ ಮಳೆ ಈ ಸಲ ಹೇಳಿದ ಹೊತ್ತಿಗೇ ಬಂತು. ಒಂದು ಮಧ್ಯಾಹ್ನ ಜೋರಾಗಿ ಹೊಡೆದು ನಿಂತಿತು. ಅಂಗಳದ ನೀರೆಲ್ಲ ಗೇಟಿನ ಕಡೆ ಹರಿದುಹೋಗಿ, ನಡುವೆ ಮಾತ್ರ ಬುಟ್ಟಿಯಗಲದ ನೀರು ಉಳಿಯಿತು. ಕಾಕಾ ಒಳಗಿನಿಂದ, "ಬಾಳಪ್ಪಾ, ನಿನ್ನ ಕೆರಿ ತುಂಬಿತೇನ? ಎಷ್ಟ ಐತಿ ನೋಡು" ಎಂದ. ನಾನು ಸ್ಟೀಲಿನ ಸ್ಕೇಲು ತೆಗೆದುಕೊಂಡು ಹೋಗಿ, ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಅಳೆದೆ.

"ಆರ ಮಿಲಿಮೀಟರ್ ಕಾಕಾ."

"ಅದ ನನಗ ತಿಳೀದು. ಕಾಲಿಗಿ ಎಷ್ಟ ಬರತೈತಿ ಹೇಳು."

ನಾನು ನನ್ನ ಕಾಲು ನೋಡಿಕೊಂಡೆ. ಒಳಗಿನಿಂದ ಕಾಕಾ ನಗುತ್ತ ಕೇಳಿದ.

"ಚಪ್ಪಲಿ ಕಳದೀಯೇನ?"

ಬಿಚ್ಚಿರಲಿಲ್ಲ. ಈ ಮನೆಯ ಅಂಗಳದ ಮೇಲೆ ನಾನು ಬರಿಗಾಲಲ್ಲಿ ನಿಂತು ಎಷ್ಟು ವರ್ಷವಾಗಿತ್ತೋ ನೆನಪಿಲ್ಲ. ಎರಡೂ ಚಪ್ಪಲಿ ಪಕ್ಕಕ್ಕೆ ಬಿಟ್ಟು ನೀರಿಗೆ ಕಾಲಿಟ್ಟೆ. ನೀರು ಇನ್ನೂ ತಣ್ಣಗಿತ್ತು, ಅದರ ಕೆಳಗೆ ನೆಲ ಬೆಚ್ಚಗಿತ್ತು.